ಯಾರೋ ಮಾಡಿಸಿದ್ದಾರೆ

ಮೊನ್ನೆಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರೆ ಹೊಸ್ತಿಲಾಚೆ ಒಂದು ನಿಂಬೆಹಣ್ಣು. ನಡುವೆ ಸೀಳಿ ಕುಂಕುಮ ತುಂಬಿದ್ದರು. ಸುತ್ತಲೂ ಒಂದಿಷ್ಟು ಅಕ್ಕಿಕಾಳು. ಹಾಲಿನ ಪ್ಯಾಕೆಟ್ಟು ಅದಕ್ಕೇ ಒರಗಿಕೊಂಡಿತ್ತು. ಪ್ಯಾಕೆಟ್ಟನ್ನು ಎತ್ತಿಕೊಂಡೆ, ನಿಂಬೆಹಣ್ಣನ್ನು ಅಲ್ಲೇ ಬಿಟ್ಟೆ. ಒಲೆಯ ಮೇಲೆ ಚಹಾ ಕುದಿಯುತ್ತಿದೆ, ಆಮೇಲೆ ಗುಡಿಸಿದರಾಯಿತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಪ್ಯಾಕೆಟ್ಟನ್ನು ಮಾತ್ರ ಎರಡು ಸಲ ತೊಳೆದೆ.

ಪುಣೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಸಿಂಹಗಡ ರಸ್ತೆಯ ಬದಿಯ ಈ ಕಟ್ಟಡದಲ್ಲಿ ಮಹಡಿಗೆ ನಾಲ್ಕು ಮನೆ. ಎದುರಿನವರು ಸಾತಾರೆಯವರು, ಪಕ್ಕದವರು ಲಾತೂರಿನವರು, ನಾಲ್ಕನೆಯದರಲ್ಲಿ ಬಾಡಿಗೆಗೆ ಇರುವ ಕಂಪ್ಯೂಟರ್ ಹುಡುಗರು. ಯಾರೊಂದಿಗೂ ಜಗಳವಿಲ್ಲ, ಅಂಥ ಸ್ನೇಹವೂ ಇಲ್ಲ. ಮೊಣಕಾಲು ನೋವಿನ ಚಿಕಿತ್ಸೆಗೆಂದು ಆಳಂದದ ಕಡೆಯ ನಮ್ಮ ಹಳ್ಳಿಯಿಂದ ಬಂದಿರುವ ಅವ್ವ ನನ್ನ ಹಿಂದೆಯೇ ಬಂದು ಬಾಗಿಲಾಚೆ ಇಣುಕಿದಳು. ಚೀರಲಿಲ್ಲ. ಮಳೆ ಬರುವ ಹಾಗಿದೆ ಎನ್ನುವಾಗಿನ ದನಿಯಲ್ಲೇ ಹೇಳಿದಳು: "ಯಾರೋ ಏನೋ ಮಾಡಿಸಿದ್ದಾರೆ."

ಈ ವಾಕ್ಯದ ಜೊತೆಯಲ್ಲೇ ನಾನು ಬೆಳೆದವಳು. ಈಗ ಅದರ ವ್ಯಾಕರಣ ನನ್ನನ್ನು ಕಾಡುತ್ತದೆ. 'ಮಾಡಿದ್ದಾರೆ' ಎಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ, 'ಮಾಡಿಸಿದ್ದಾರೆ' ಎಂದೇ ಹೇಳುತ್ತಾರೆ. ಮಾಡಿದವನು ಕೂಲಿಯವನು, ಅವನ ಮೇಲೆ ಯಾರಿಗೂ ಸಿಟ್ಟಿಲ್ಲ. ನಾಳೆ ಅವನಿಗೇ ಇನ್ನಷ್ಟು ದಕ್ಷಿಣೆ ಕೊಟ್ಟು ತಿರುಗಿಸಿ ಮಾಡಿಸಬಹುದು. ಸಿಟ್ಟೆಲ್ಲ ಮಾಡಿಸಿದವರ ಮೇಲೆ. ಅವರು ಮಾತ್ರ 'ಯಾರೋ'. ಆ ಯಾರೋ ಎಂಬ ಖಾಲಿ ಜಾಗವನ್ನು ತುಂಬುವವರೆಗೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ.

ಮಾಟ ಎಂಬ ಪದವೇ ಹೀಗೆ. ಆಡಿದರೆ ಆಟ, ಓಡಿದರೆ ಓಟ, ಕೂಡಿದರೆ ಕೂಟ, ಮಾಡಿದರೆ ಮಾಟ. ಹಳಗನ್ನಡದಲ್ಲಿ ಅದಕ್ಕೆ ಕೆಲಸ, ರಚನೆ, ಚೆಲುವು ಎಂಬ ಅರ್ಥಗಳಿದ್ದವು. ಮಾಟವಾದ ಮೂಗು ಎಂದು ಈಗಲೂ ಹೇಳುತ್ತೇವೆ, ಆ ಮೂಗಿಗೆ ಯಾರೂ ಹೆದರುವುದಿಲ್ಲ. ಮರಾಠಿಯವರ ಕರಣಿ ಕೂಡ ಮಾಡುವುದರಿಂದಲೇ ಬಂದದ್ದು, ಸಂಸ್ಕೃತದ ಕೃತ್ಯೆಯೂ ಹಾಗೆಯೇ. ಗೋವೆಯನ್ನು ನಾಲ್ಕೂವರೆ ಶತಮಾನ ಆಳಿದ ಪೋರ್ಚುಗೀಸರು ಮಾಟಕ್ಕೆ ಫೆಯ್ತಿಸೊ ಎನ್ನುತ್ತಾರೆ, ಅದರ ಲ್ಯಾಟಿನ್ ಬೇರಿನಲ್ಲೂ 'ಮಾಡಿದ್ದು' ಎಂಬ ಅರ್ಥವೇ ಇದೆ. ಬೇರೆಬೇರೆ ಭಾಷೆಗಳು ಒಂದೇ ಕಡೆಗೆ ಬಂದು ನಿಂತಿವೆ. ಕಾಯಿಲೆ ಬರುತ್ತದೆ, ಬರ ಬರುತ್ತದೆ, ಸಾವು ಬರುತ್ತದೆ. ಮಾಟ ಹಾಗೆ ತಾನಾಗಿ ಬರುವುದಿಲ್ಲ. ಅದನ್ನು ಮಾಡಬೇಕು, ಮಾಡಲು ಕೈ ಬೇಕು, ಕೈಗೆ ಒಂದು ಹೆಸರು ಬೇಕು.

ಅಥರ್ವವೇದದಲ್ಲಿ ಕೃತ್ಯೆಯನ್ನು ಓಡಿಸುವ ಮಂತ್ರಗಳಿವೆ. ನಿನ್ನನ್ನು ಮಾಡಿದವನ ಬಳಿಗೇ ಹಿಂತಿರುಗು ಎಂಬುದು ಅವುಗಳ ಧಾಟಿ. ಆ ಕೆಲಸಕ್ಕೆ ಅಲ್ಲಿ ಕರೆಯುವ ಗಿಡ ಅಪಾಮಾರ್ಗ, ಅಂದರೆ ನಮ್ಮ ಹೊಲದ ಬದುವಿನಲ್ಲಿ ಬೆಳೆದು ಸೀರೆಯ ಸೆರಗಿಗೆ ಅಂಟಿಕೊಳ್ಳುವ ಉತ್ತರಾಣಿ. ಚಿಕ್ಕವಳಿದ್ದಾಗ ಅದನ್ನು ಬಿಡಿಸಿಕೊಳ್ಳುತ್ತ ಶಾಲೆಗೆ ತಡವಾಗಿ ಹೋಗಿ ಪೆಟ್ಟು ತಿಂದಿದ್ದೇನೆ. ತಂತ್ರದ ಗ್ರಂಥಗಳು ಷಟ್ಕರ್ಮ ಎಂದು ಪಟ್ಟಿ ಮಾಡುತ್ತವೆ: ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ. ಮೊದಲನೆಯದನ್ನು ಬಿಟ್ಟರೆ ಉಳಿದ ಐದೂ ಇನ್ನೊಬ್ಬರ ಮೇಲೆ ಮಾಡುವಂಥವು. ಮುಂಬಯಿಯ ಲೋಕಲ್ ರೈಲಿನ ಡಬ್ಬಿಯಲ್ಲಿ 'ಬಾಬಾ ಬಂಗಾಲಿ'ಗಳು ಅಂಟಿಸುವ ಚೀಟಿಗಳನ್ನು ಓದಿದರೆ ಅದೇ ಪಟ್ಟಿ ಕಾಣುತ್ತದೆ, ವಶೀಕರಣ ಎಲ್ಲಕ್ಕಿಂತ ಮೇಲೆ. ಇಂಥ ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತಿಗೆ ತಡೆ ಹಾಕುವ ಕಾನೂನು 1954ರಿಂದಲೂ ದೇಶದಲ್ಲಿದೆ. ಚೀಟಿಗಳು ಅದಕ್ಕೆ ಕಿವಿಗೊಟ್ಟಂತೆ ಕಾಣುವುದಿಲ್ಲ.

ಇಷ್ಟೆಲ್ಲ ಓದಿಕೊಂಡದ್ದು ದೊಡ್ಡವಳಾದ ಮೇಲೆ. ಅದಕ್ಕೂ ಮೊದಲು, ಒಂಬತ್ತನೆಯ ವಯಸ್ಸಿನಲ್ಲಿ, ಒಂದು ಖಾಲಿ ಜಾಗವನ್ನು ನಾನೇ ತುಂಬಿದ್ದೆ. ಅದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

ಆ ವರ್ಷ ಹೊಸದಾಗಿ ಈದ ನಮ್ಮ ಎಮ್ಮೆ ಇದ್ದಕ್ಕಿದ್ದಂತೆ ಹಾಲು ನಿಲ್ಲಿಸಿತು. ವಾರದೊಳಗೆ ಚಿಗವ್ವನ ಎರಡು ಸೀರೆಗಳು ಗೂಟದ ಮೇಲೆ ತೂಗಿದಲ್ಲೇ ಸುಟ್ಟು ತೂತಾದವು. ರಾತ್ರಿ ಮಾಳಿಗೆಯ ಮೇಲೆ ಕಲ್ಲು ಬಿದ್ದ ಸದ್ದು. ಬಾನಾಮತಿ ಎಂಬ ಪದ ಮೊದಲು ಯಾರ ಬಾಯಿಂದ ಬಂತೋ ನೆನಪಿಲ್ಲ. ಕಲಬುರಗಿ, ಬೀದರ ಕಡೆ ಈ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ಗಡಿ ದಾಟಿ ಮರಾಠವಾಡಕ್ಕೆ ಹೋದರೆ ಬಾ ಹೋಗಿ ಭಾ ಆಗುತ್ತದೆ, ಹೆದರಿಕೆ ಅಷ್ಟೇ ಇರುತ್ತದೆ.

ಪಕ್ಕದೂರಿನಿಂದ ಅಂಜನ ಹಾಕುವವನನ್ನು ಕರೆಸಿದರು. ಅಂಜನಕ್ಕೆ ಮಗುವಿನ ಕಣ್ಣು ಬೇಕು. ಮೈನೆರೆಯದ ಹುಡುಗಿ ಎಂದು ಮನೆಯಲ್ಲಿದ್ದವಳು ನಾನೊಬ್ಬಳೇ. ತಲೆಗೆ ನೀರು ಹಾಕಿ, ಒಗೆದ ಲಂಗ ಉಡಿಸಿ, ದೇವರ ಮುಂದೆ ಕೂರಿಸಿದರು. ಆತ ವೀಳ್ಯದೆಲೆಗೆ ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ ಬಳಿದು ನನ್ನ ಅಂಗೈಯಲ್ಲಿಟ್ಟ. ಪಕ್ಕದಲ್ಲಿ ದೀಪ. ಕಣ್ಣು ಮಿಟುಕಿಸದೆ ನೋಡು ಎಂದ.

"ಕಸ ಗುಡಿಸುವವನು ಬಂದನೇ, ತಂಗೀ?"

ನನಗೆ ಕಂಡದ್ದು ದೀಪದ ಕುಡಿ ಮತ್ತು ನನ್ನದೇ ಮೂಗಿನ ತುದಿ. ಸುಮ್ಮನಿದ್ದೆ. ಹಿಂದೆ ಅಪ್ಪ, ಕಾಕಾ, ಓಣಿಯ ಅರ್ಧ ಜನ ಉಸಿರು ಬಿಗಿಹಿಡಿದು ನಿಂತಿದ್ದರು. "ಬಂದ" ಎಂದೆ. ಎಲ್ಲರ ಉಸಿರೂ ಒಟ್ಟಿಗೆ ಹೊರಬಂತು. ನೀರು ಚಿಮುಕಿಸುವವನು ಬಂದ. ಗದ್ದಿಗೆ ಹಾಕುವವರು ಬಂದರು. ಹನುಮಪ್ಪ ಬಂದು ಗದ್ದಿಗೆಯ ಮೇಲೆ ಕುಳಿತ. ನನ್ನ ಮಾತನ್ನು ಅಷ್ಟು ಜನ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ.

ಯಾರು ಮಾಡಿಸಿದ್ದು ಎಂದು ಹನುಮಪ್ಪನನ್ನು ಕೇಳು ಎಂದ. ಗಂಡಸೋ ಹೆಂಗಸೋ? ಹೆಂಗಸು. ದೂರದವಳೋ ಹತ್ತಿರದವಳೋ? ಹತ್ತಿರ. ಮುತ್ತೈದೆಯೋ? ಆ ಕೊನೆಯ ಪ್ರಶ್ನೆಯಲ್ಲಿ ಅವನ ದನಿ ಎಲ್ಲಿಗೆ ಬಾಗುತ್ತಿದೆ ಎಂದು ಮಗುವಿಗೂ ತಿಳಿಯುವಂತಿತ್ತು. ಅಲ್ಲ ಎಂದೆ. ಓಣಿಯಲ್ಲಿ ಒಂಟಿಯಾಗಿದ್ದ ವಿಧವೆ ಒಬ್ಬಳೇ, ಕೊನೆಮನೆಯ ಆಯಿ. ಹೆಸರನ್ನು ನಾನು ಹೇಳಬೇಕಾಗಿಯೂ ಬರಲಿಲ್ಲ. ಹಿಂದೆ ನಿಂತವರಲ್ಲಿ ಯಾರೋ "ಕೊನೆಮನೆಯವಳೇ?" ಎಂದರು. ನಾನು ಹೂಂ ಎಂದೆ.

ನಾಲ್ಕು ದಿನದ ಹಿಂದೆ ಅವಳ ಹುಣಸೆಮರಕ್ಕೆ ಕಲ್ಲು ಎಸೆದದ್ದಕ್ಕೆ ಆಯಿ ನನ್ನ ಕಿವಿ ಹಿಂಡಿದ್ದಳು. ಆ ಸಿಟ್ಟಿಗೆ ಹೂಂ ಎಂದೆನೋ, ಎಲ್ಲರಿಗೂ ಅದೇ ಉತ್ತರ ಬೇಕಿತ್ತೆಂದು ಹೂಂ ಎಂದೆನೋ, ಈಗ ಬಿಡಿಸಿ ಹೇಳಲಾರೆ. ಕಿವಿ ಉರಿಯುತ್ತಿದ್ದದ್ದು ಮಾತ್ರ ನೆನಪಿದೆ.

ಅವಳನ್ನು ಯಾರೂ ಹೊಡೆಯಲಿಲ್ಲ. ನಮ್ಮ ಊರಿನವರು ಒಳ್ಳೆಯವರು ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ. ಹೆಪ್ಪು ಕೇಳಲು ಅವಳ ಮನೆಗೆ ಹೋಗುವುದನ್ನು ನಿಲ್ಲಿಸಿದರು, ಅಷ್ಟೇ. ಅವಳು ಬಾವಿಗೆ ಬಂದರೆ ಉಳಿದವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಹಸುಗೂಸುಗಳಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದರಲ್ಲಿ ಅವಳ ಕೈ ಪಳಗಿತ್ತು. ಓಣಿಯ ಅರ್ಧ ಮಕ್ಕಳಿಗೆ ಎರೆದವಳು ಅವಳೇ, ನನಗೂ. ಆ ಮೇಲೆ ಯಾರೂ ಕರೆಯಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ, ಗವಂಡಿ ಕೆಲಸಕ್ಕೆಂದು ಊರು ಬಿಟ್ಟಿದ್ದ ಮಗ ಬಂದು ಅವಳನ್ನು ಕರೆದುಕೊಂಡು ಹೋದ. ಪುಣೆಗೆ ಹೋದಳಂತೆ ಎಂದರು. ಪುಣೆ ಎಂಬ ಊರಿನ ಹೆಸರು ನನ್ನ ಕಿವಿಗೆ ಬಿದ್ದದ್ದು ಹಾಗೆ.

ಎಮ್ಮೆಯ ವಿಷಯ ಹೇಳಲು ಮರೆತೆ. ಅಂಜನದ ಎರಡು ವಾರದ ಮೇಲೆ ಆಳಂದದಿಂದ ದನದ ಡಾಕ್ಟರು ಬಂದು ನೋಡಿ ಕೆಚ್ಚಲು ಬಾವು ಎಂದರು. ಸೂಜಿ ಕೊಟ್ಟರು. ಒಂದು ಮೊಲೆ ಬತ್ತಿತು, ಉಳಿದ ಮೂರು ಹಾಲು ಕೊಟ್ಟವು. "ಕೆಚ್ಚಲು ಬಾವು ಎಲ್ಲ ಎಮ್ಮೆಗಳಿಗೂ ಬರುತ್ತದೆ, ಸರಿ. ನಮ್ಮ ಎಮ್ಮೆಗೇ ಏಕೆ ಬರಬೇಕು?" ಎಂದು ಅವ್ವ ಡಾಕ್ಟರನ್ನು ಕೇಳಿದಳು. ಡಾಕ್ಟರ ಬಳಿ ಅದಕ್ಕೆ ಔಷಧಿ ಇರಲಿಲ್ಲ.

1920ರ ದಶಕದಲ್ಲಿ ಆಫ್ರಿಕಾದ ಅಜಾಂಡೆ ಜನರ ನಡುವೆ ಇದ್ದು ಬಂದ ಇವಾನ್ಸ್-ಪ್ರಿಚರ್ಡ್ ಎಂಬ ಮಾನವಶಾಸ್ತ್ರಜ್ಞರು ಅವ್ವನ ಈ ಪ್ರಶ್ನೆಯನ್ನು ಬಲು ಗೌರವದಿಂದ ಬರೆದಿಟ್ಟಿದ್ದಾರೆ. ಅಲ್ಲಿ ಕಂಬಗಳ ಮೇಲೆ ನಿಂತ ಕಣಜದ ನೆರಳಿನಲ್ಲಿ ಜನ ಕೂರುತ್ತಾರೆ. ಕಣಜ ಕುಸಿದು ಯಾರಾದರೂ ಸತ್ತರೆ, ಕಂಬವನ್ನು ಗೆದ್ದಲು ತಿಂದದ್ದು ಎಲ್ಲರಿಗೂ ಗೊತ್ತು. ಅವರೇನು ಪೆದ್ದರಲ್ಲ. ಆದರೆ ಇವನೇ ಅಲ್ಲಿ ಕುಳಿತಿದ್ದ ಗಳಿಗೆಯಲ್ಲೇ ಅದು ಏಕೆ ಬೀಳಬೇಕಿತ್ತು? ಅದಕ್ಕೆ ಉತ್ತರವಾಗಿ ಮಾಟ. ಮೈಯಲ್ಲೇ ಹುಟ್ಟಿಬಂದದ್ದು, ಗಿಡಮೂಲಿಕೆ ಮಂತ್ರಗಳಿಂದ ಬೇಕೆಂದೇ ಮಾಡುವುದು ಎಂಬ ಎರಡು ಬಗೆಯನ್ನೂ ಅಜಾಂಡೆಗಳು ಬೇರೆಬೇರೆ ಎಂದು ತಿಳಿಯುತ್ತಿದ್ದರಂತೆ. ನಮ್ಮಲ್ಲಿ ಮೊದಲನೆಯದರ ಹತ್ತಿರಕ್ಕೆ ಬರುವುದು ದೃಷ್ಟಿ. ಪ್ರೀತಿಯಿಂದ ನೋಡಿದರೂ ತಾಗುತ್ತದೆ, ಹೆತ್ತವರದೇ ತಾಗುತ್ತದೆ. ಮಗನಿಗೆ ಜ್ವರ ಬಂದಾಗ ಮಾತ್ರೆ ಕೊಟ್ಟ ಮೇಲೆ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ನಿವಾಳಿಸಿ ಬೆಂಕಿಗೆ ಹಾಕುತ್ತೇನೆ, ಮೆಣಸಿನಕಾಯಿಯ ಘಾಟು ಬರಲಿಲ್ಲವೆಂದರೆ ಒಳಗೊಳಗೇ ನಡುಗುತ್ತೇನೆ. ವಿಚಾರವಾದಿ ಗೆಳೆಯರು ಇದನ್ನು ಓದಿ ನಗಬಹುದು. ದೃಷ್ಟಿ ತೆಗೆದಾದ ಮೇಲೆ ಯಾರ ಕಣ್ಣು ಎಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ ಎಂಬುದು ನನ್ನ ಸಮಜಾಯಿಷಿ.

ಸೀರೆಗಳ ಮಾತು ಉಳಿಯಿತು. ಆಯಿಯ ಹೆಸರು ಬಂದ ಮೇಲೆ ಒಂದು ಸೀರೆಯೂ ಸುಡಲಿಲ್ಲ. ಊರಿಗೆಲ್ಲ ಅದೇ ಸಾಕ್ಷಿ. ಅದೇ ವಾರ, ಹೆದರಿಕೊಂಡಿದ್ದಾಳೆ ಎಂದು ಚಿಗವ್ವನನ್ನು ತವರಿಗೆ ಕಳುಹಿಸಿದ್ದನ್ನು ಯಾರೂ ಇದಕ್ಕೆ ಜೋಡಿಸಿ ನೋಡಲಿಲ್ಲ. ಹದಿನಾರಕ್ಕೆ ಮದುವೆಯಾಗಿ ಬಂದ ಚಿಗವ್ವ ವರ್ಷದಿಂದ ತವರಿಗೆ ಕಳುಹಿಸಿ ಎಂದು ಗೋಗರೆಯುತ್ತಿದ್ದಳು. ಭಾನಾಮತಿ ಎಂದು ಕರೆ ಬಂದರೆ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತನಾಡಿಸುತ್ತಾರೆ. ಬಹಳಷ್ಟು ಸಲ ಆ ಕೈ ಮನೆಯೊಳಗಿನದೇ ಆಗಿರುತ್ತದೆ, ಬಾಯಿಬಿಟ್ಟು ಹೇಳಲಾಗದ ಸಂಕಟದಲ್ಲಿರುವವರದು. ಅದನ್ನು ಓದಿದ ಮೇಲೆ ಒಮ್ಮೆ ಫೋನಿನಲ್ಲಿ ಚಿಗವ್ವನನ್ನು ಕೇಳಿಯೇಬಿಟ್ಟೆ. ಆ ಕಡೆ ಬಹಳ ಹೊತ್ತು ಮೌನ. "ಈಗ ನಿನಗೆ ಸಂಬಳ ಎಷ್ಟು ಬರುತ್ತದೆ?" ಎಂದಳು.

ಆ ಸಮಿತಿಯನ್ನು 1989ರಲ್ಲಿ ಕಟ್ಟಿದವರು ಸಾತಾರೆಯ ಡಾಕ್ಟರ್ ನರೇಂದ್ರ ದಾಭೋಲ್ಕರ್. ಕಬಡ್ಡಿ ಆಡುತ್ತಿದ್ದ ಮನುಷ್ಯ. ಮಾಟದ ಹೆಸರಿನ ಶೋಷಣೆಯ ವಿರುದ್ಧ ಕಾನೂನು ಬೇಕೆಂದು ವರ್ಷಗಟ್ಟಲೆ ಹೋರಾಡಿದರು. 2013ರ ಆಗಸ್ಟ್ 20ರ ಬೆಳಿಗ್ಗೆ ವಾಯುವಿಹಾರಕ್ಕೆ ಹೊರಟಿದ್ದವರನ್ನು ಪುಣೆಯ ಓಂಕಾರೇಶ್ವರ ದೇವಸ್ಥಾನದ ಬಳಿಯ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ವರ್ಷಗಟ್ಟಲೆ ಆಗದ ಕೆಲಸ ನಾಲ್ಕು ದಿನದಲ್ಲಿ ಆಯಿತು, ಸುಗ್ರೀವಾಜ್ಞೆ ಹೊರಟಿತು. ಡಿಸೆಂಬರಿನಲ್ಲಿ ಅದು ಶಾಸನಸಭೆಯಲ್ಲೂ ಪಾಸಾಯಿತು. ಸುಮಾರು ಹನ್ನೊಂದು ವರ್ಷ ಕಾದ ಮೇಲೆ, 2024ರ ಮೇ ತಿಂಗಳಲ್ಲಿ, ಇಬ್ಬರಿಗೆ ಜೀವಾವಧಿ ಶಿಕ್ಷೆ ಎಂದು ಪುಣೆಯ ನ್ಯಾಯಾಲಯ ತೀರ್ಪು ಕೊಟ್ಟಿತು, ಮೂವರನ್ನು ಬಿಟ್ಟಿತು. ಕಚೇರಿಗೆ ಹೋಗುವಾಗ ಎಷ್ಟೋ ಸಲ ನಾನು ದಾಟುವ ಆ ಸೇತುವೆಗೆ ವಿಠ್ಠಲ ರಾಮಜಿ ಶಿಂದೆಯವರ ಹೆಸರಿದೆ. ಅಸ್ಪೃಶ್ಯತೆಯ ವಿರುದ್ಧ ಬದುಕನ್ನೇ ತೇಯ್ದ ಅವರು ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ ಎಂದು ಇಲ್ಲಿಯ ಕನ್ನಡಿಗರಿಗೇ ಹೇಳಿ ತಿಳಿಸಬೇಕಾಗುತ್ತದೆ.

ಆ ಕಾಯ್ದೆಯನ್ನು ಒಂದು ಭಾನುವಾರ ಕುಳಿತು ಓದಿದೆ. ಕೊನೆಯಲ್ಲಿ ಹನ್ನೆರಡು ಬಾಬತ್ತುಗಳ ಪಟ್ಟಿ. ಆರು ತಿಂಗಳಿಂದ ಏಳು ವರ್ಷದವರೆಗೆ ಸಜೆ, 5,000ದಿಂದ 50,000 ರೂಪಾಯಿವರೆಗೆ ದಂಡ. ದೆವ್ವ ಬಿಡಿಸುವ ನೆಪದಲ್ಲಿ ಸರಪಳಿಯಿಂದ ಕಟ್ಟುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆಯುವುದು, ಹೀಗೆ. ನಡುವೆ ಒಂದು ಕಡೆ ಓದುತ್ತಿದ್ದ ಕಣ್ಣು ನಿಂತಿತು. ಒಬ್ಬ ವ್ಯಕ್ತಿ ಕರಣಿ ಮಾಡುತ್ತಾನೆ, ಮಂತ್ರತಂತ್ರದಿಂದ ದನದ ಹಾಲು ಬತ್ತಿಸುತ್ತಾನೆ ಎಂಬ ಭಾವನೆ ಹುಟ್ಟಿಸುವುದೂ ಅಪರಾಧ ಎಂದಿತ್ತು. ದನದ ಹಾಲು! ಶಾಸನಸಭೆಯಲ್ಲಿ ಕುಳಿತವರಿಗೆ ನಮ್ಮ ಎಮ್ಮೆಯ ಸುದ್ದಿ ಯಾರು ಹೇಳಿದರು? ಮಾಟ ಮಾಡಿದವರನ್ನು ಹಿಡಿಯುವ ಗೋಜಿಗೆ ಆ ಕಾಯ್ದೆ ಹೋಗುವುದೇ ಇಲ್ಲ. ಮಾಡಬಲ್ಲೆ ಎಂದು ಸುಲಿಯುವವನನ್ನೂ, ಅವಳು ಮಾಡಿದಳು ಎಂದು ಬೆರಳು ತೋರಿಸುವವನನ್ನೂ ಹಿಡಿಯುತ್ತದೆ. ಕರ್ನಾಟಕದಲ್ಲೂ ಇಂಥ ಕಾಯ್ದೆ 2017ರಲ್ಲಿ ಆಗಿ 2020ರಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆಯಲ್ಲೇ ಕೊಂದು ಐದನೆಯ ವರ್ಷ ನಡೆಯುತ್ತಿತ್ತು.

ಕೊನೆಮನೆಯ ಆಯಿಗೆ ಆದದ್ದು ಏನೇನೂ ಅಲ್ಲ ಎನ್ನುವಂಥ ಊರುಗಳೂ ಇವೆ. ಜಾರ್ಖಂಡಿನ ಛುಟ್ನಿ ದೇವಿಯವರನ್ನು 1995ರಲ್ಲಿ ಡಾಯನ್, ಅಂದರೆ ಮಾಟಗಾತಿ ಎಂದು ಕರೆದು ಹಿಂಸಿಸಿ ಊರು ಬಿಡಿಸಿದರು. ಆಮೇಲೆ ಅವರು ತಮ್ಮಂಥ ಹೆಂಗಸರನ್ನು ಕಾಪಾಡುವುದನ್ನೇ ಕೆಲಸ ಮಾಡಿಕೊಂಡರು, 2021ರಲ್ಲಿ ಪದ್ಮಶ್ರೀ ಬಂತು.

ಇನ್ನು ನಮ್ಮ ಕಚೇರಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಇಪ್ಪತ್ತಾರು ವರ್ಷ. ಮೇಜಿನ ಮೇಲೆ ಬಣ್ಣದ ಹರಳುಗಳು, ಡ್ರಾಯರಿನಲ್ಲಿ ಟ್ಯಾರೋ ಎಲೆಗಳು. ಅಮಾವಾಸ್ಯೆಯ ರಾತ್ರಿ ಮೇಣದಬತ್ತಿ ಹಚ್ಚಿ ಬೇಡಿಕೆಗಳನ್ನು ಚೀಟಿಯಲ್ಲಿ ಬರೆದು ಸುಡುತ್ತಾಳಂತೆ. "ನಾನು ವಿಚ್" ಎಂದು ನಗುತ್ತ ಹೇಳಿಕೊಳ್ಳುತ್ತಾಳೆ. ಅವಳು ಹಿಡಿದ ದಾರಿಗೆ ಬ್ರಿಟನ್ನಿನ ನಿವೃತ್ತ ಸುಂಕದ ಅಧಿಕಾರಿ ಜೆರಾಲ್ಡ್ ಗಾರ್ಡ್ನರ್ ಮೂಲಪುರುಷ. ಅಲ್ಲಿ 1735ರ ಮಾಟದ ಕಾಯ್ದೆ 1951ರಲ್ಲಿ ರದ್ದಾದ ಮೇಲೆಯೇ ಆತ ಬಹಿರಂಗವಾಗಿ ಬರೆಯತೊಡಗಿದ್ದು. ಆ 1735ರ ಕಾಯ್ದೆ ಕೂಡ ಮಾಟವನ್ನು ನಂಬಿ ಮಾಡಿದ್ದಲ್ಲ. ಶಕ್ತಿ ಇದೆಯೆಂದು ಹೇಳಿಕೊಳ್ಳುವುದನ್ನು ಅದು ತಪ್ಪು ಎನ್ನುತ್ತಿತ್ತು, ಮಾಟ ಮಾಡಿದರೆಂದು ಯಾರ ಮೇಲೂ ಮೊಕದ್ದಮೆ ಹೂಡದಂತೆ ತಡೆದಿತ್ತು. ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಕೊಂಚ ಹೊಟ್ಟೆಕಿಚ್ಚಿದೆ. ಅದೇ ಹೆಸರು ಒಬ್ಬಳಿಗೆ ತಾನೇ ಆರಿಸಿಕೊಂಡ ಓಲೆಯಂತೆ ಒಪ್ಪುತ್ತದೆ. ಇನ್ನೊಬ್ಬಳಿಗೆ ಅದನ್ನು ಬೇರೆಯವರು ಕೊಟ್ಟರು. ಕೊಟ್ಟವಳು ನಾನು.

ಪುಣೆಗೆ ಬಂದ ಹೊಸತರಲ್ಲಿ ಆಯಿಯನ್ನು ಹುಡುಕಿದೆ ಎಂದರೆ ಸುಳ್ಳಾದೀತು. ವಾರ್ಜೆಯ ಕಡೆ, ಹಡಪಸರದ ಕಡೆ, ಏಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ನಮ್ಮ ಕಡೆಯ ಮಾತು ಕೇಳಿದರೆ ನಿಂತು ಯಾವ ಊರು ಎಂದು ವಿಚಾರಿಸುತ್ತಿದ್ದೆ, ಅಷ್ಟೇ. ಒಮ್ಮೆ ನಮ್ಮ ಪಕ್ಕದೂರಿನ ಮುದುಕ ಗವಂಡಿಯೊಬ್ಬ ಸಿಕ್ಕ. ಅವಳು ಇಲ್ಲಿ ಹನ್ನೊಂದು ವರ್ಷ ಬದುಕಿದ್ದಳಂತೆ. ಅವರ ವಸ್ತಿಯ ಹಸುಗೂಸುಗಳಿಗೆಲ್ಲ ಅವಳೇ ಎರೆಯುತ್ತಿದ್ದಳಂತೆ. ನೀವು ಅವಳಿಗೆ ಏನಾಗಬೇಕು ಎಂದು ಕೇಳಿದ. ಒಂದೇ ಓಣಿಯವರು ಎಂದೆ.

ಮತ್ತೆ ನಿಂಬೆಹಣ್ಣಿಗೆ ಬರುತ್ತೇನೆ. ಕಾವಲುಗಾರನನ್ನು ಕೇಳಿದರೆ ನಮ್ಮ ಮಹಡಿಯ ಕ್ಯಾಮೆರಾ ಮಳೆಗಾಲದಿಂದಲೂ ಕೆಟ್ಟಿದೆ ಎಂದ. ಮೇಲೆ ಬಂದಾಗ ಅವ್ವ ನನ್ನ ಮಗನನ್ನು ಎದುರಿಗೆ ಕೂರಿಸಿಕೊಂಡಿದ್ದಳು. ಅವನಿಗೂ ಒಂಬತ್ತು.

"ನಿನ್ನೆ ಸಂಜೆ ಬಾಗಿಲಲ್ಲಿ ಯಾರನ್ನು ಕಂಡೆ, ಕೂಸೇ?"

ಮಗ ಮೊಬೈಲಿನಿಂದ ತಲೆಯೆತ್ತಿ ಅಜ್ಜಿಯ ಮುಖ ನೋಡಿದ. ಆ ನೋಟ ನನಗೆ ಗೊತ್ತು. ಉತ್ತರ ಅಲ್ಲಿ ಎಲ್ಲಿಯಾದರೂ ಬರೆದಿದೆಯೇ ಎಂದು ಹುಡುಕುವ ನೋಟ. "ಕೆಲಸದ ಮಾವಶಿ ಬಂದಿದ್ದಳು, ಮತ್ತೆ..." ಎಂದು ಶುರು ಮಾಡಿದ. ಅವಳು ದಿನವೂ ಎರಡು ಹೊತ್ತು ಬರುತ್ತಾಳೆ, ಯಾದಗಿರಿಯ ಕಡೆಯವಳು, ಈ ಊರಿನಲ್ಲಿ ಅವ್ವನ ಜೊತೆ ಮನಸ್ಸು ಬಿಚ್ಚಿ ಕನ್ನಡ ಮಾತನಾಡುವವಳು ಅವಳೊಬ್ಬಳೇ. ಶಾಲೆಯ ಬಸ್ ತಪ್ಪುತ್ತದೆ ಎಂದು ಕೂಗಿ ಮಗನ ರಟ್ಟೆ ಹಿಡಿದು ಎಬ್ಬಿಸಿದೆ. ಅಷ್ಟು ಜೋರಾಗಿ ಹಿಡಿಯಬೇಕಿರಲಿಲ್ಲ. ಅವ್ವ ಮಾತನಾಡಲಿಲ್ಲ, ಆದರೆ ಅವಳಿಗೆ ಬೇಕಾದ ಹೆಸರು ಸಿಕ್ಕಾಗಿತ್ತು.

ನಿಂಬೆಹಣ್ಣನ್ನು ಮೊರದಲ್ಲಿ ಗುಡಿಸಿ ಕಸದ ಬುಟ್ಟಿಗೆ ಹಾಕಿದೆ. ಆ ದಿನ ರಜೆ ಹಾಕಿದ್ದೆ, ಅವ್ವನನ್ನು ಡಾಕ್ಟರ ಬಳಿ ಕರೆದೊಯ್ಯುವುದಿತ್ತು. ಹತ್ತು ಗಂಟೆಗೆ ಕೆಲಸದವಳು ಬಂದಳು. ಅವ್ವ ಗೋಡೆಯ ಕಡೆ ಮುಖ ಮಾಡಿ ಜಪಮಾಲೆ ತೆಗೆದಳು. ಬುಟ್ಟಿ ಎತ್ತಲು ಹೋದವಳು ಹಾವು ಕಂಡವಳಂತೆ ಹಿಂದೆ ಸರಿದಳು.

"ಅಕ್ಕಾ, ಇದನ್ನು ನಾನು ಮುಟ್ಟುವುದಿಲ್ಲ. ಯಾರೋ ಮಾಡಿಸಿದ್ದಾರೆ."

ಜಪಮಾಲೆ ನಿಂತಿತು. ಅವ್ವ ನಿಧಾನವಾಗಿ ಈ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಚಹಾದ ಬಟ್ಟಲು ಹಿಡಿದು ಕುಳಿತು ಮಹಡಿಯ ಮನೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಸಾತಾರೆಯವರು ದೇವರಂಥವರು. ಲಾತೂರಿನವರ ಸೊಸೆ ಬಸುರಿ, ಅವಳಿಗೆ ಇಂಥದ್ದೆಲ್ಲ ಬೇಡ. ಉಳಿದವರು ಬಾಡಿಗೆಯ ಹುಡುಗರು. ಅವರಲ್ಲಿ ಒಬ್ಬ ಭುಜದವರೆಗೆ ಕೂದಲು ಬಿಟ್ಟಿದ್ದಾನೆ, ರಾತ್ರಿಯೆಲ್ಲ ದೀಪ ಆರಿಸುವುದಿಲ್ಲ.

ಬುಟ್ಟಿಯನ್ನು ನಾನೇ ಎತ್ತಿಕೊಂಡು ಹೊರಟೆ. ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಆ ಕೂದಲಿನ ಹುಡುಗ ಓಡಿಬಂದು ಒಳಗೆ ಸೇರಿಕೊಂಡ. ನಮಸ್ಕಾರ ಕಾಕು ಎಂದು ಕೈ ಜೋಡಿಸಿದ. ನಾನು ಅವನ ಉಗುರುಗಳನ್ನು ನೋಡುತ್ತಿದ್ದೆ, ಅಂಚಿನಲ್ಲಿ ಎಲ್ಲಾದರೂ ಕೆಂಪು ಉಳಿದಿದೆಯೇ ಎಂದು.